ಕೂಳೆ ಚಿಗುರಿದಂತೆ ಮರಳುವ ತೂಕ

ಮಂಡ್ಯ ತಾಲ್ಲೂಕಿನ ಹೊಳಲು ಆಸುಪಾಸಿನಲ್ಲಿ ‘ತೂಕ’ ಎಂದರೆ ಮೊದಲು ನೆನಪಿಗೆ ಬರುವುದು ಕಬ್ಬಿನ ತೂಕ. ಕಟಾವು ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ, ತೂಕ ಇಳಿದರೆ ದುಡ್ಡು ಇಳಿಯುತ್ತದೆ. ಹೀಗಾಗಿ ತೂಕ ಇಳಿಯದಿರಲಿ ಎಂಬುದೇ ಇಲ್ಲಿನ ರೈತನ ಹಾರೈಕೆ. ಮನುಷ್ಯರ ವಿಷಯದಲ್ಲೂ ಬಹುಕಾಲ ಇದೇ ಭಾವನೆ ಇತ್ತು. ಮೈ ಕೈ ತುಂಬಿಕೊಂಡ ಸೊಸೆ ಮನೆಯ ಸುಭಿಕ್ಷದ ಗುರುತು. ಬಡಕಲು ಮಗು ತಾಯಿಗೆ ಅವಮಾನ.

ಈಗ ಕಾಲ ಬದಲಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವು ಪೇಟೆಯವರ ಕಾಯಿಲೆಗಳು ಎಂಬ ಮಾತು ಹಳೆಯದಾಯಿತು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಮೀಕ್ಷೆಗೊಳಗಾದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಪಥ್ಯ, ನಡಿಗೆ, ಮಾತ್ರೆ ಎಲ್ಲವನ್ನೂ ಮಾಡಿ ಸೋತ ಕೆಲವರು ಕೊನೆಗೆ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾರೆ. ವರ್ಷದೊಳಗೆ ಅವರ ರೂಪವೇ ಬದಲಾಗುತ್ತದೆ. ಕಂಡವರೆಲ್ಲ ಬೆರಗಾಗುತ್ತಾರೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಹೇಳುವುದೇನೂ ಇರಲಿಲ್ಲ. ಐದಾರು ವರ್ಷಗಳ ಬಳಿಕ ಹೋದ ತೂಕದಲ್ಲಿ ಒಂದಷ್ಟು, ಕೆಲವರಿಗೆ ಬಹಳಷ್ಟು, ಮರಳಿ ಬರುತ್ತದೆ. ಆಗ ಕೇಳಿಬರುವ ಮಾತೇ ಬೇರೆ: ‘ಅಷ್ಟೊಂದು ದುಡ್ಡು ಸುರ್ದು ಹೊಟ್ಟೆ ಕುಯ್ಸ್ಕೊಂಡ್ಳು, ಮತ್ತೆ ಹಂಗೇ ಆಗೋದ್ಲಲ್ಲ!’

ಇದು ಬಾಯಿಚಪಲದ ಫಲವೇ? ಶಸ್ತ್ರಚಿಕಿತ್ಸೆಯ ಸೋಲೇ? ಅಥವಾ ದೇಹದ ಸ್ವಭಾವವೇ ಹೀಗೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚರಕನಿಂದ ಬ್ಯಾಂಟಿಂಗ್‌ವರೆಗೆ

ಬೊಜ್ಜು ಇಂದಿನ ಸಮಸ್ಯೆಯಾಗಿ ಕಂಡರೂ ಅದರ ಚಿಂತೆ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಲೋಕದ ನಿಂದೆಗೆ ಗುರಿಯಾಗುವ ಎಂಟು ಬಗೆಯ ದೇಹಗಳನ್ನು ಪಟ್ಟಿ ಮಾಡುತ್ತದೆ. ಅತಿ ಎತ್ತರ, ಅತಿ ಕುಳ್ಳು ಮೊದಲಾದವುಗಳ ಜೊತೆಗೆ ಅತಿ ಸ್ಥೂಲ ಮತ್ತು ಅತಿ ಕೃಶ ದೇಹಗಳೂ ಅದರಲ್ಲಿ ಸೇರಿವೆ. ಈ ಕೊನೆಯ ಎರಡರಲ್ಲಿ ಕೃಶತೆಯೇ ಮೇಲು, ಏಕೆಂದರೆ ಸ್ಥೂಲತೆಗೆ ಚಿಕಿತ್ಸೆ ಹೆಚ್ಚು ಕಷ್ಟ ಎಂಬುದು ಗ್ರಂಥಕಾರನ ಅಭಿಪ್ರಾಯ. ಸ್ಥೂಲಕಾಯರಿಗೆ ಅಲ್ಲಿ ಸೂಚಿಸಿರುವ ಆಹಾರದಲ್ಲಿ ನವಣೆ, ಹಾರಕ, ಹೆಸರು, ಹುರುಳಿಗಳಿವೆ. ನಮ್ಮ ಒಣಬೇಸಾಯದ ರೈತರಿಗೆ ಇವು ಅಪರಿಚಿತವೇನಲ್ಲ.

ಯೂರೋಪಿನ ಇತಿಹಾಸದಲ್ಲೂ ಒಂದು ಪ್ರಸಂಗವುಂಟು. ಹತ್ತನೇ ಶತಮಾನದಲ್ಲಿ ಇಂದಿನ ಸ್ಪೇನಿನ ಲಿಯೋನ್ ರಾಜ್ಯವನ್ನಾಳಿದ ಮೊದಲನೇ ಸಾಂಚೋಗೆ ‘ದಪ್ಪ ಸಾಂಚೋ’ ಎಂಬ ಹೆಸರೇ ಬಿದ್ದಿತ್ತು. 958ರಲ್ಲಿ ಅವನು ಸಿಂಹಾಸನ ಕಳೆದುಕೊಂಡ. ಕೊರ್ಡೋಬಾದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್‌ನಿಂದ ಚಿಕಿತ್ಸೆ ಪಡೆದು ಮೈ ಇಳಿಸಿಕೊಂಡ ಮೇಲೆ ಮತ್ತೆ ಪಟ್ಟಕ್ಕೆ ಬಂದ. ತೂಕದ ಜೊತೆ ಮರ್ಯಾದೆಯೂ ಅಧಿಕಾರವೂ ತಳುಕು ಹಾಕಿಕೊಂಡಿರುವುದು ಇಂದು ನೆನ್ನೆಯ ಸಂಗತಿಯಲ್ಲ.

1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ತಾನು ಸಕ್ಕರೆ, ಬ್ರೆಡ್ಡು, ಆಲೂಗಡ್ಡೆ ಬಿಟ್ಟು ಸುಮಾರು 20 ಕಿಲೋ ಇಳಿದ ಬಗೆಯನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ವೃತ್ತಿ. ಅವನ ಹೊತ್ತಿಗೆಗೆ ಎಷ್ಟು ಬೇಡಿಕೆ ಬಂತೆಂದರೆ ಅವನ ಹೆಸರೇ ಪಥ್ಯಕ್ಕೆ ಪರ್ಯಾಯ ಪದವಾಯಿತು. ಪಥ್ಯದ ಪುಸ್ತಕಗಳ ಇಂದಿನ ದೊಡ್ಡ ವ್ಯಾಪಾರಕ್ಕೆ ಇದೊಂದು ನಾಂದಿ.

ಕತ್ತರಿ ಬಂದ ಬಗೆ

ತೂಕ ಇಳಿಸಲೆಂದೇ ಶಸ್ತ್ರಚಿಕಿತ್ಸೆ ನಡೆಸುವ ಆಲೋಚನೆಗೆ ಇನ್ನೂ ನೂರು ವರ್ಷ ತುಂಬಿಲ್ಲ. 1954ರಲ್ಲಿ ಅಮೆರಿಕದ ಮಿನ್ನೆಸೋಟದ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ದೊಡ್ಡ ಭಾಗವನ್ನು ಬಳಸುದಾರಿಯಿಂದ ತಪ್ಪಿಸುವ ವಿಧಾನವನ್ನು ವರದಿ ಮಾಡಿದರು. ತಿಂದದ್ದು ಪೂರ್ತಿ ಮೈಗೆ ಹತ್ತದಂತೆ ಮಾಡುವುದು ಇದರ ತಂತ್ರ. ತೂಕವೇನೋ ಇಳಿಯಿತು. ಆದರೆ ತೀವ್ರ ಭೇದಿ, ಮೂತ್ರಪಿಂಡದ ಕಲ್ಲು, ಪಿತ್ತಜನಕಾಂಗದ ವೈಫಲ್ಯಗಳು ಒಂದೊಂದಾಗಿ ಕಾಣಿಸಿಕೊಂಡವು. ಜೀವ ಉಳಿಸಲು ಅನೇಕರ ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಬೇಕಾಯಿತು. ಜೋಡಿಸಿದೊಡನೆ ತೂಕವೂ ಮರಳಿತು. ಕ್ರಮೇಣ ಈ ವಿಧಾನವನ್ನೇ ಕೈಬಿಡಲಾಯಿತು.

ಮುಂದಿನ ಹೆಜ್ಜೆ ಇಟ್ಟವರು ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣಕ್ಕೆ ಜಠರದ ಭಾಗವನ್ನು ತೆಗೆಸಿಕೊಂಡ ರೋಗಿಗಳು ಆಮೇಲೆ ದಪ್ಪಗಾಗುವುದಿಲ್ಲ ಎಂಬುದನ್ನು ಶಸ್ತ್ರವೈದ್ಯರು ಗಮನಿಸಿದ್ದರು. ಈ ಸುಳಿವು ಹಿಡಿದು 1966ರಲ್ಲಿ ಮೇಸನ್ ಮತ್ತು ಚಿಕಾಶಿ ಇಟೊ ಜಠರದ ಮೇಲ್ಭಾಗದಲ್ಲಿ ಚಿಕ್ಕದೊಂದು ಚೀಲವನ್ನು ಬೇರ್ಪಡಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಸೇರಿಸಿದರು. ‘ಗ್ಯಾಸ್ಟ್ರಿಕ್ ಬೈಪಾಸ್’ ಹುಟ್ಟಿದ್ದು ಹೀಗೆ. 1980ರಲ್ಲಿ ಮೇಸನ್ ಅವರೇ ಇನ್ನೊಂದು ಸರಳ ವಿಧಾನವನ್ನು ರೂಪಿಸಿದರು. ಇದರಲ್ಲಿ ಕರುಳನ್ನು ಮುಟ್ಟದೆ ಜಠರಕ್ಕೆ ಮಾತ್ರ ಹೊಲಿಗೆ ಮತ್ತು ಪಟ್ಟಿ ಹಾಕಲಾಗುತ್ತಿತ್ತು. ಕೆಲಕಾಲ ಇದು ಬಹಳ ಜನಪ್ರಿಯವಾಯಿತು. ಆದರೆ ಗಟ್ಟಿ ಆಹಾರ ಇಳಿಯದೆ ಕಷ್ಟಪಟ್ಟವರು ಐಸ್‌ಕ್ರೀಮು, ಸಿಹಿ ಪಾನೀಯಗಳ ಕಡೆ ವಾಲಿದರು. ತೂಕ ಹಿಂದಿನ ಬಾಗಿಲಿನಿಂದ ಒಳಬಂತು.

ಮೇಸನ್ ದೊಡ್ಡ ವೈದ್ಯರೆನಿಸುವುದು ಹೊಸ ವಿಧಾನ ಕಂಡುಹಿಡಿದುದಕ್ಕೆ ಮಾತ್ರವಲ್ಲ. ಶಸ್ತ್ರಚಿಕಿತ್ಸೆ ಆದವರ ದಾಖಲೆಗಳನ್ನು ವರ್ಷಗಟ್ಟಲೆ ಇಡಬೇಕೆಂದು 1980ರ ದಶಕದಲ್ಲೇ ನೋಂದಣಿ ವ್ಯವಸ್ಥೆಯೊಂದನ್ನು ಕಟ್ಟಿದವರೂ ಅವರೇ. 2020ರಲ್ಲಿ ಅವರು ತೀರಿಕೊಂಡಾಗ ನೂರು ವರ್ಷ ತುಂಬಿತ್ತು.

1990ರ ದಶಕದಲ್ಲಿ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ವಿಧಾನ ಬಂತು. 2000ದ ನಂತರ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಉದ್ದನೆಯ ಕೊಳವೆಯಾಗಿಸುವ ‘ಸ್ಲೀವ್’ ವಿಧಾನ ಪ್ರಚಾರಕ್ಕೆ ಬಂತು. ಭಾರತದಲ್ಲೂ ಇದೇ ಹೊತ್ತಿಗೆ ಈ ಚಿಕಿತ್ಸೆ ಬೇರೂರಿತು. ಇವೆಲ್ಲಕ್ಕೂ ಸೇರಿ ‘ಬ್ಯಾರಿಯಾಟ್ರಿಕ್’ ಶಸ್ತ್ರಚಿಕಿತ್ಸೆ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಬಾರೋಸ್’ ಎಂದರೆ ಭಾರ.

ಯಾರಿಗೆ ಈ ಚಿಕಿತ್ಸೆ? ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಈ ಅಂಕಿ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆಗಳಿರುವವರಿಗೆ ಶಸ್ತ್ರಚಿಕಿತ್ಸೆ ಸೂಕ್ತ ಎಂದಿತು. ಐದು ಅಡಿ ಎರಡು ಅಂಗುಲದ ಹೆಂಗಸಿಗೆ 40 ಎಂದರೆ ಸುಮಾರು 99 ಕಿಲೋ, 35 ಎಂದರೆ 87 ಕಿಲೋ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದು ಗೊತ್ತಾದ ಮೇಲೆ 2022ರಲ್ಲಿ ಎರಡು ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಈ ಮಿತಿಯನ್ನು ಏಷ್ಯಾ ಮೂಲದವರಿಗೆ 27.5ಕ್ಕೆ ಇಳಿಸಿದವು. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಮಾತ್ರ ಹಳೆಯ 40 ಮತ್ತು 35ರ ಲೆಕ್ಕವನ್ನೇ ಹಿಡಿದಿತ್ತು.

ಅಂಕಿಗಳು ಹೇಳುವ ಸತ್ಯ

ತೂಕ ಮರಳುವುದು ಯಾರೋ ಒಬ್ಬಿಬ್ಬರ ಅನುಭವವಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ಸ್ವೀಡನ್ನಿನಿಂದ ಬಂದಿದೆ. 1987ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದ 2,010 ಮಂದಿಯನ್ನೂ, ಅವರಷ್ಟೇ ದಪ್ಪಗಿದ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದ 2,037 ಮಂದಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡನೇ ವರ್ಷದ ಹೊತ್ತಿಗೆ ಶಸ್ತ್ರಚಿಕಿತ್ಸೆ ಆದವರ ತೂಕ ಸರಾಸರಿ ನೂರಕ್ಕೆ 23.4ರಷ್ಟು ಇಳಿದಿತ್ತು. ಹತ್ತನೇ ವರ್ಷಕ್ಕೆ ಆ ಇಳಿಕೆ 16.1ಕ್ಕೆ ಬಂದು ನಿಂತಿತ್ತು. ಅಂದರೆ ಹೋದ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮರಳಿತ್ತು. ಶಸ್ತ್ರಚಿಕಿತ್ಸೆ ಆಗದವರ ತೂಕವೋ, ಹತ್ತು ವರ್ಷದಲ್ಲಿ ನೂರಕ್ಕೆ 1.6ರಷ್ಟು ಏರಿತ್ತು.

ಇದೇ ಅಧ್ಯಯನ 2007ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಶಸ್ತ್ರಚಿಕಿತ್ಸೆ ಆದವರ ಗುಂಪಿನಲ್ಲಿ ಸಾವಿನ ಪ್ರಮಾಣ ಕಡಿಮೆಯಾಗಿತ್ತು. ಒಂದಿಷ್ಟು ತೂಕ ಮರಳಿದರೂ ಆಯಸ್ಸಿನ ಲಾಭ ಉಳಿದಿತ್ತು ಎಂದಾಯಿತು. ಅಮೆರಿಕದ ಯೂಟಾ ರಾಜ್ಯದಲ್ಲಿ ಬೈಪಾಸ್ ಆದವರ ಕುರಿತು 2017ರಲ್ಲಿ ಪ್ರಕಟವಾದ ವರದಿಯೂ ಇದಕ್ಕೆ ಪೂರಕವಾಗಿದೆ. ಅಲ್ಲಿ ಎರಡನೇ ವರ್ಷಕ್ಕೆ ಸರಾಸರಿ 45 ಕಿಲೋ ಇಳಿದಿದ್ದವರು ಹನ್ನೆರಡನೇ ವರ್ಷಕ್ಕೆ 35 ಕಿಲೋ ಇಳಿಕೆಯನ್ನು ಉಳಿಸಿಕೊಂಡಿದ್ದರು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಹೊಳಲಿನಂಥ ಊರಿನ ಗೃಹಿಣಿಯೊಬ್ಬರು 110 ಕಿಲೋ ಇದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಒಂದೂವರೆ ವರ್ಷದಲ್ಲಿ 72ಕ್ಕೆ ಇಳಿದರು. ಆರು ವರ್ಷ ಕಳೆಯುವಷ್ಟರಲ್ಲಿ 88ಕ್ಕೆ ಏರಿದರು ಎನ್ನೋಣ. ನೆಂಟರ ಕಣ್ಣಿಗೆ ಕಾಣುವುದು ಏರಿದ 16 ಕಿಲೋ. ಆಕೆಯ ಮಂಡಿಗೆ, ಹೃದಯಕ್ಕೆ, ರಕ್ತನಾಳಕ್ಕೆ ಮುಖ್ಯವಾದದ್ದು ಇನ್ನೂ ಇಳಿದೇ ಇರುವ 22 ಕಿಲೋ. ಮೂಲ ತೂಕದ ಐದನೇ ಒಂದು ಭಾಗ ಅದು. ‘ಮತ್ತೆ ಹಂಗೇ ಆಗೋದ್ಲು’ ಎಂಬ ಮಾತು ಲೆಕ್ಕದಲ್ಲೇ ತಪ್ಪು.

ಹಾಗೆಂದು ಏರಿದ 16 ಕಿಲೋವನ್ನು ಕಡೆಗಣಿಸುವಂತೆಯೂ ಇಲ್ಲ. ತೂಕದ ಜೊತೆಗೆ ಸಕ್ಕರೆ ಕಾಯಿಲೆಯೂ ಮರಳಬಹುದು. ಯೂಟಾದ ವರದಿಯಲ್ಲಿ ಎರಡನೇ ವರ್ಷಕ್ಕೆ ಮಧುಮೇಹಿಗಳ ಪೈಕಿ ನೂರಕ್ಕೆ 75 ಮಂದಿಯ ಕಾಯಿಲೆ ಹಿಂದೆ ಸರಿದಿತ್ತು. ಹನ್ನೆರಡನೇ ವರ್ಷಕ್ಕೆ ಅದು 51ಕ್ಕೆ ಇಳಿದಿತ್ತು.

ದೇಹದ ಹಠ

ತೂಕ ಏಕೆ ಮರಳುತ್ತದೆ? ಉತ್ತರದ ಮೊದಲ ಎಳೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲೊಪ್ಪದ 36 ಯುವಕರನ್ನು ಅವರ ಒಪ್ಪಿಗೆಯ ಮೇರೆಗೆ ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಬರಗಾಲಕ್ಕೆ ಸಿಕ್ಕ ಜನರನ್ನು ಹೇಗೆ ಮತ್ತೆ ಚೇತರಿಸುವಂತೆ ಮಾಡಬೇಕೆಂದು ತಿಳಿಯುವುದು ಪ್ರಯೋಗದ ಉದ್ದೇಶ. ಯುವಕರ ತೂಕ ಸುಮಾರು ಕಾಲು ಭಾಗ ಇಳಿಯಿತು. ಅವರ ದೇಹ ಶಕ್ತಿಯ ಖರ್ಚನ್ನು ಬಿಗಿಹಿಡಿಯಿತು. ಮೈ ತಣ್ಣಗಾಯಿತು, ಮನಸ್ಸು ಮಂಕಾಯಿತು, ಹಗಲಿರುಳೂ ಊಟದ್ದೇ ಧ್ಯಾನ. ಮತ್ತೆ ಊಟ ಕೊಟ್ಟಾಗ ಎಷ್ಟು ತಿಂದರೂ ಹಸಿವು ತಣಿಯಲಿಲ್ಲ. ಮಾಂಸಖಂಡಕ್ಕಿಂತ ಮೊದಲು ಕೊಬ್ಬು ಮರಳಿತು. ಅವರು ಬೊಜ್ಜಿನವರಾಗಿರಲಿಲ್ಲ, ಚಪಲದವರೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು.

1994ರಲ್ಲಿ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾಯಿತು. ‘ಕಣಜ ತುಂಬಿದೆ’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ತೂಕ ಇಳಿದಾಗ ಲೆಪ್ಟಿನ್ ಇಳಿಯುತ್ತದೆ, ಕಣಜ ಬರಿದಾಯಿತೆಂದು ಮಿದುಳು ಗಾಬರಿಗೊಂಡು ಹಸಿವನ್ನು ಏರಿಸುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರದಿಂದ ಹೊರಡುವ ಹಸಿವಿನ ಹಾರ್ಮೋನು ಗ್ರೆಲಿನ್ ಅನ್ನು ಕಂಡುಹಿಡಿದರು. ಅದು ಹೆಚ್ಚಾಗಿ ತಯಾರಾಗುವ ಭಾಗವೇ ಸ್ಲೀವ್ ವಿಧಾನದಲ್ಲಿ ಹೊರಹೋಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಹಸಿವು ತಗ್ಗುವುದು ಹೊಟ್ಟೆ ಚಿಕ್ಕದಾದದ್ದರಿಂದ ಮಾತ್ರವಲ್ಲ, ಹಾರ್ಮೋನುಗಳ ಮಾತುಕತೆ ಬದಲಾಗುವುದರಿಂದಲೂ ಹೌದು. ವರ್ಷಗಳು ಉರುಳಿದಂತೆ ದೇಹ ಈ ಬದಲಾವಣೆಗೆ ಹೊಂದಿಕೊಳ್ಳುತ್ತದೆ. ಮಾಯವಾಗಿದ್ದ ಹಸಿವು ಕೆಲವರಲ್ಲಿ ಮತ್ತೆ ತಲೆಯೆತ್ತುತ್ತದೆ.

ಶಸ್ತ್ರಚಿಕಿತ್ಸೆಯಿಲ್ಲದೆ ಇಳಿದವರ ಪಾಡೂ ಬೇರೆಯಲ್ಲ. ತೂಕ ಇಳಿಸುವ ಅಮೆರಿಕದ ಟಿ.ವಿ. ಸ್ಪರ್ಧೆಯೊಂದರ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂತು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿದಿದ್ದ ಅವರು 41 ಕಿಲೋ ಮರಳಿ ಪಡೆದಿದ್ದರು. ಆಗಲೂ ಅವರ ದೇಹ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು.

ಇನ್ನೊಂದು ಸಂಗತಿ ಮಂಡ್ಯದ ರೈತರಿಗೆ ಬೇಗ ಅರ್ಥವಾಗುವಂಥದು. ಕಬ್ಬು ಕಡಿದ ಮೇಲೆ ನೆಲದಲ್ಲುಳಿದ ಕೂಳೆ ನೀರು ಕಂಡೊಡನೆ ಚಿಗುರುತ್ತದೆ. ಕೊಬ್ಬಿನ ಕೋಶಗಳೂ ಹಾಗೆಯೇ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2008ರಲ್ಲಿ ತಿಳಿಸಿದಂತೆ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿದು ಎರಡು ವರ್ಷವಾದರೂ ಕೊಬ್ಬಿನ ಕೋಶಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಅವುಗಳ ಗಾತ್ರ ಮಾತ್ರ ಕುಗ್ಗುತ್ತದೆ. ಪೈರು ಹೋಗಿದೆ, ಬುಡ ಹೋಗಿಲ್ಲ.

ಬರದ ನಾಡಿನಿಂದ ಸಕ್ಕರೆ ನಾಡಿಗೆ

ದೇಹ ಕೂಡಿಡುವ ಈ ಚಾಳಿ ಎಲ್ಲಿಂದ ಬಂತೆಂಬುದಕ್ಕೆ ಒಂದು ವಾದವಿದೆ. ಮನುಷ್ಯ ಬಹುಕಾಲ ಬದುಕಿದ್ದು ಕೊರತೆಯಲ್ಲಿ. ಸಿಕ್ಕಾಗ ಕೂಡಿಟ್ಟುಕೊಂಡ ದೇಹವೇ ಉಳಿಯಿತು ಎಂದು 1962ರಲ್ಲಿ ಜೇಮ್ಸ್ ನೀಲ್ ಮುಂದಿಟ್ಟ ವಾದ ಅದು. ಅದರ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ಈ ಸೀಮೆ ಕಂಡ ಕೊರತೆಯ ಬಗ್ಗೆ ಸಂದೇಹವಿಲ್ಲ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲು ನಾಶವಾಯಿತು. ಆಗ ಮಂಡ್ಯದ ಬಹುಭಾಗ ಮಳೆಯನ್ನೇ ನೆಚ್ಚಿದ ರಾಗಿ, ಹುರುಳಿಯ ಸೀಮೆ.

1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ, 1930ರ ದಶಕದ ಆರಂಭದಲ್ಲಿ ಹರಿದ ಇರ್ವಿನ್ ನಾಲೆ ಇವು ನೆಲದ ಚಹರೆಯನ್ನೇ ಬದಲಿಸಿದವು. ಆ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಭತ್ತ, ಕಬ್ಬು, ಆಲೆಮನೆಯ ಬೆಲ್ಲ ಮನೆಮಾತಾದವು. ರಾಗಿಯೂ ಹಿಂದೆ ಬೀಳಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿಗಳನ್ನು ರೂಪಿಸಿ ಇಳುವರಿಯನ್ನು ಏರಿಸಿದರು. ಎರಡು ಮೂರು ತಲೆಮಾರುಗಳಲ್ಲಿ ಹಸಿವು ಹಿಂದೆ ಸರಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಏತ ಎಳೆದು, ನೇಗಿಲು ಹಿಡಿದು, ಮೈಲಿಗಟ್ಟಲೆ ನಡೆದ ತಾತನ ತಟ್ಟೆ ಟ್ರ್ಯಾಕ್ಟರಿನ ಮೇಲೆ, ಕಚೇರಿಯ ಕುರ್ಚಿಯ ಮೇಲೆ ಕೂರುವ ಮೊಮ್ಮಗನಿಗೂ ಬಂದಿತು.

ಹೊಟ್ಟೆಯೊಳಗಿನ ಕೊರತೆ ಕೂಡ ದೇಹಕ್ಕೆ ನೆನಪಿರುತ್ತದೆ ಎಂಬುದಕ್ಕೆ ನೆರೆಯ ಮೈಸೂರಿನಲ್ಲೇ ಪುರಾವೆ ದೊರೆತಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆಗಳನ್ನು ಜೋಪಾನವಾಗಿ ಇಟ್ಟಿತ್ತು. ಆ ಮಕ್ಕಳು ನಡುವಯಸ್ಸು ದಾಟಿದಾಗ ಅವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ವರದಿ ಮಾಡಿದರು. ಮನುಷ್ಯನ ತೂಕದ ಕಥೆ ಅವನ ತಟ್ಟೆಯಿಂದ ಮಾತ್ರ ಶುರುವಾಗುವುದಿಲ್ಲ. ತಾಯಿಯ ತಟ್ಟೆಯಿಂದಲೂ ಶುರುವಾಗುತ್ತದೆ.

ನುಂಗುವ ಮುದ್ದೆ, ಅಗಿಯುವ ಪಾಠ

ಇಷ್ಟೆಲ್ಲ ಹೇಳಿದ ಮೇಲೆ ಊಟದ ಪಾತ್ರ ಏನೂ ಇಲ್ಲವೆಂದು ಅರ್ಥವಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ವೈದ್ಯರು ಕೊಡುವ ಮೊದಲ ಸಲಹೆಗಳೆಂದರೆ ತುತ್ತನ್ನು ಚೆನ್ನಾಗಿ ಅಗಿಯಬೇಕು, ನಿಧಾನವಾಗಿ ತಿನ್ನಬೇಕು, ಊಟದ ಜೊತೆ ನೀರು ಕುಡಿಯಬಾರದು, ಮೊದಲು ಪ್ರೊಟೀನು ಇರುವುದನ್ನು ತಿನ್ನಬೇಕು. ಮಂಡ್ಯದ ಊಟದ ಪಾಠವೋ ಇದಕ್ಕೆ ತದ್ವಿರುದ್ಧ. ಇಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಬಸ್ಸಾರಿಗೋ ಉಪ್ಪೆಸರಿಗೋ ಅದ್ದಿ ನುಂಗುತ್ತಾರೆ. ಮುದ್ದೆ ಅಗಿಯುವವನನ್ನು ಕಂಡರೆ ಪರ ಊರಿನವನೆಂದು ನಗುತ್ತಾರೆ. ರಾಗಿ ಒಳ್ಳೆಯದೆಂಬ ನಂಬಿಕೆಯೂ ಗಟ್ಟಿಯಾಗಿದೆ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿಗೆ ಗೆಲುವು ಕೊಟ್ಟ ನಾಡಿದು. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಅಕ್ಕಿಗಿಂತ ಬಹಳ ಹೆಚ್ಚು ಎಂಬುದು ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಆದರೆ ಅಷ್ಟೇ ರಾಗಿಯಲ್ಲಿ ಸುಮಾರು 320 ಕ್ಯಾಲೊರಿಯೂ ಇದೆ. ಅಕ್ಕಿಗೂ ಅದಕ್ಕೂ ಈ ವಿಷಯದಲ್ಲಿ ಅಂತರ ದೊಡ್ಡದಲ್ಲ. ‘ಮುದ್ದೆ ತಾನೇ, ಎಷ್ಟು ತಿಂದರೂ ಏನೂ ಆಗದು’ ಎಂಬ ಮಾತು ಹೊಲದಲ್ಲಿ ದುಡಿಯುವವನಿಗೆ ಸಲ್ಲಬಹುದು, ಎಲ್ಲರಿಗೂ ಅಲ್ಲ.

ಮರಳುವ ತೂಕ ಹೆಚ್ಚಾಗಿ ದೊಡ್ಡ ಊಟದಿಂದ ಬರುವುದಿಲ್ಲ. ಸುಲಭವಾಗಿ ಜಾರಿ ಇಳಿಯುವ ಸಣ್ಣ ತಿನಿಸುಗಳಿಂದ ಬರುತ್ತದೆ. ಟೀಯಲ್ಲಿ ಅದ್ದಿದ ಬಿಸ್ಕತ್ತು, ಪಾಯಸ, ಮಿಕ್ಸ್‌ಚರ್, ಕಬ್ಬಿನ ಹಾಲು ಇವು ಚಿಕ್ಕ ಜಠರದಲ್ಲೂ ತಡೆಯಿಲ್ಲದೆ ಸಾಗುತ್ತವೆ. ಬೈಪಾಸ್ ಆದವರಿಗೆ ಸಿಹಿ ತಿಂದೊಡನೆ ಬೆವರು, ಎದೆಬಡಿತ, ತಲೆಸುತ್ತು ಬರುವುದುಂಟು. ಕೆಲವರಲ್ಲಿ ಕಾಲಕ್ರಮೇಣ ಈ ತೊಂದರೆ ಕಡಿಮೆಯಾಗಿ ಸಿಹಿಯ ಭಯವೂ ಹೋಗುತ್ತದೆ. ಗಂಡಸರ ವಿಷಯದಲ್ಲಿ ಮದ್ಯ ಇನ್ನೊಂದು ಅಪಾಯ. ಬೈಪಾಸ್ ಬಳಿಕ ಅದು ಬೇಗ ನೆತ್ತಿಗೇರುತ್ತದೆ, ಚಟವಾಗುವ ಸಾಧ್ಯತೆಯೂ ಹೆಚ್ಚು.

ಬೀಗರೂಟಕ್ಕೆ ಹೋದ ಹೆಂಗಸು ಒಂದು ಹಿಡಿ ತಿಂದು ಕೈ ತೊಳೆದರೆ ಬಡಿಸುವವರಿಗೆ ಸಿಟ್ಟು. ‘ಇದ್ಯಾಕವ್ವ, ನಮ್ಮನೆ ಊಟ ಸೇರ್ನಿಲ್ವಾ?’ ಎಂಬ ಮಾತು ಬರುತ್ತದೆ. ದಪ್ಪಗಾದರೆ ಆಡಿಕೊಳ್ಳುವವರೂ ಅವರೇ, ತಿನ್ನದಿದ್ದರೆ ಮುನಿಯುವವರೂ ಅವರೇ.

ಮರಳಿದರೆ ಮುಂದೇನು?

ತೂಕ ಮರಳಿದವರು ಮಾಡುವ ಮೊದಲ ತಪ್ಪು ಆಸ್ಪತ್ರೆಗೆ ಹೋಗುವುದನ್ನು ಬಿಡುವುದು. ‘ಡಾಕ್ಟರು ಬೈತಾರೆ’ ಎಂಬ ಅಂಜಿಕೆ, ನಾಚಿಕೆ ಇದಕ್ಕೆ ಕಾರಣ. ಇದರಿಂದ ನಷ್ಟ ಎರಡು ಪಟ್ಟು. ತೂಕಕ್ಕೆ ಚಿಕಿತ್ಸೆ ತಪ್ಪುತ್ತದೆ, ಜೊತೆಗೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಕೊರತೆಯೂ ಪತ್ತೆಯಾಗದೆ ಉಳಿಯುತ್ತದೆ. ಈ ಚಿಕಿತ್ಸೆ ಆದವರು ಜೀವನಪೂರ್ತಿ ಪೂರಕ ಮಾತ್ರೆ ನುಂಗಬೇಕು, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಬೇಕು. ದಪ್ಪಗಿರುವವರಿಗೆ ಪೌಷ್ಟಿಕಾಂಶದ ಕೊರತೆ ಇರಲಾರದೆಂದು ತಿಳಿಯುವುದು ತಪ್ಪು.

ವೈದ್ಯರ ಬಳಿ ಹೋದರೆ ಕಾರಣವನ್ನು ಕ್ರಮವಾಗಿ ಹುಡುಕಲಾಗುತ್ತದೆ. ಥೈರಾಯ್ಡ್ ಸರಿಯಿದೆಯೇ? ಇನ್ಸುಲಿನ್, ಸ್ಟೀರಾಯ್ಡ್, ಕೆಲವು ಮನೋರೋಗದ ಔಷಧಿಗಳಂಥ ತೂಕ ಏರಿಸುವ ಮದ್ದುಗಳಿವೆಯೇ? ಹೆರಿಗೆ, ಮುಟ್ಟು ನಿಲ್ಲುವ ಕಾಲ, ಮನೆಯ ಸಾವುನೋವು, ಖಿನ್ನತೆ ಇವು ಕಾರಣವೇ? ಜಠರದ ಚೀಲ ಅಥವಾ ಅದರ ಬಾಯಿ ಹಿಗ್ಗಿದೆಯೇ ಎಂಬುದನ್ನು ಎಂಡೋಸ್ಕೋಪಿ ತೋರಿಸುತ್ತದೆ. ಆಹಾರದಲ್ಲಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನು ಇರುವಂತೆ ನೋಡಿಕೊಳ್ಳಲಾಗುತ್ತದೆ. ಮಂಡ್ಯದ ಅಡುಗೆಮನೆಗೆ ಇದು ಅಸಾಧ್ಯವಲ್ಲ. ಮೊಟ್ಟೆ, ಮೀನು, ಕೋಳಿ, ಮೊಸರು, ಅವರೆ, ಅಲಸಂದೆ, ಹುರುಳಿ ಎಲ್ಲವೂ ಇವೆ; 100 ಗ್ರಾಂ ಹುರುಳಿಯಲ್ಲೇ ಸುಮಾರು 22 ಗ್ರಾಂ ಪ್ರೊಟೀನು ಉಂಟು. ಮುದ್ದೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ನಿಂಬೆಗಾತ್ರಕ್ಕೆ ಇಳಿಸಿ ಸಾರಿನೊಳಗಿನ ಕಾಳನ್ನು ಹೆಚ್ಚಿಸಿದರೆ ತಟ್ಟೆಯ ಸ್ವರೂಪವೇ ಬದಲಾಗುತ್ತದೆ. ಜೊತೆಗೆ ನಡಿಗೆ, ಮಾಂಸಖಂಡ ಉಳಿಸುವ ವ್ಯಾಯಾಮ, ನಿದ್ದೆ. ಎರಡನೇ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟದ್ದು, ಅಪಾಯವೂ ಹೆಚ್ಚು. ಆದ್ದರಿಂದ ಅದು ಕೊನೆಯ ಮಾರ್ಗ.

ಈಚೆಗೆ ಚುಚ್ಚುಮದ್ದುಗಳೂ ಬಂದಿವೆ. ಶಸ್ತ್ರಚಿಕಿತ್ಸೆಯ ಬಳಿಕವೂ ಸಾಕಷ್ಟು ತೂಕ ಇಳಿಯದ 70 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಿರಾಗ್ಲುಟೈಡ್ ಪಡೆದವರ ತೂಕ 24 ವಾರಗಳಲ್ಲಿ ನೂರಕ್ಕೆ 8.8ರಷ್ಟು ಇಳಿಯಿತು. ಇನ್ನೂ ಪ್ರಬಲವಾದ ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ 2025ರಲ್ಲಿ ತೂಕ ಇಳಿಕೆಯ ಮದ್ದುಗಳಾಗಿ ಭಾರತದ ಮಾರುಕಟ್ಟೆಗೆ ಬಂದವು. ಇವನ್ನೇ ಪವಾಡವೆಂದು ತಿಳಿಯುವಂತಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲನ್ನು ಮರಳಿ ಪಡೆದರೆಂದು 2022ರ ವರದಿ ಹೇಳುತ್ತದೆ. ಕತ್ತರಿಯಾಗಲಿ, ಸೂಜಿಯಾಗಲಿ, ಪಥ್ಯವಾಗಲಿ, ದೇಹದ ಹಠ ಒಂದೇ.

ಹೀಗಾಗಿ ಎಪ್ಪತ್ತು ವರ್ಷಗಳ ಈ ಇತಿಹಾಸ ಕಲಿಸುವ ಪಾಠ ಸರಳವಾದುದು. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದಾಗ ಒತ್ತಡ ಏರಿದರೆ ಯಾರೂ ರೋಗಿಯ ಗುಣವನ್ನು ಹಳಿಯುವುದಿಲ್ಲ. ಬೊಜ್ಜೂ ಅಂಥದೇ ದೀರ್ಘಕಾಲದ ಕಾಯಿಲೆ. ಶಸ್ತ್ರಚಿಕಿತ್ಸೆ ಅದಕ್ಕೆ ಬಲವಾದ ಮದ್ದು, ಆದರೆ ಪೂರ್ಣವಿರಾಮವಲ್ಲ. ಆಸ್ಪತ್ರೆಗಳು ಇದನ್ನು ಮೊದಲ ದಿನವೇ ರೋಗಿಗೂ ಮನೆಯವರಿಗೂ ತಿಳಿಸಿ ಹೇಳುವುದು ಒಳ್ಳೆಯದು. ‘ಒಮ್ಮೆ ಮಾಡಿಸಿದರೆ ಮುಗಿಯಿತು’ ಎಂಬ ಭರವಸೆಯ ಮೇಲೆ ಸಾಲ ಮಾಡಿ ಬಂದ ಕುಟುಂಬಕ್ಕೆ ಆರನೇ ವರ್ಷದಲ್ಲಿ ಏರಿದ ತೂಕ ಮೋಸದಂತೆ ಕಾಣುತ್ತದೆ. ಮೊದಲೇ ತಿಳಿದಿದ್ದರೆ ಅದೇ ತೂಕ ಮತ್ತೆ ವೈದ್ಯರ ಬಳಿ ಹೋಗಬೇಕೆಂಬ ಸೂಚನೆಯಾಗುತ್ತದೆ.

ಕೂಳೆ ಚಿಗುರಿದಾಗ ಹೊಳಲಿನ ರೈತ ತನ್ನನ್ನು ತಾನು ಬೈದುಕೊಳ್ಳುವುದಿಲ್ಲ. ಗದ್ದೆಗೆ ಭತ್ತ ಹಾಕಬೇಕೆಂದಿದ್ದರೆ ಮತ್ತೆ ನೇಗಿಲು ಹೂಡುತ್ತಾನೆ. ಉಳಿದ ಒಂದೆರಡು ಬುಡಗಳನ್ನು ಮುಂದಿನ ಸಲ ಕೀಳುತ್ತಾನೆ. ಮೈಯ ಭಾರ ಮರಳಿ ಕಂಡವರಿಗೂ ಬೇಕಾಗಿರುವುದು ಇದೇ ತಾಳ್ಮೆ. ಅವರ ಸುತ್ತ ಇರುವವರಿಗೆ ಬೇಕಾಗಿರುವುದು, ಎಲೆಯ ಮುಂದೆ ಕೂತವರನ್ನು ಅವರ ಪಾಡಿಗೆ ಒಂದು ಹಿಡಿ ಉಣ್ಣಲು ಬಿಡುವಷ್ಟು ತಿಳಿವಳಿಕೆ.